ಕೇಸ್ ಶೀಟಿನ ಕೊನೆಯ ಸಾಲು

ಮಾರ್ಚ್ ೧೪, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಮ್ಮಾ,

ಮೊದಲು ಕೂತುಕೋ. ಕೂತೆಯಾ? ನಿನ್ನ ಮಗಳು ಡಾಕ್ಟರಾಗಿಯೇ ಉಳಿದಳು! ವಿಚಾರಣಾ ಸಮಿತಿಯ ಪತ್ರ ನಿನ್ನೆ ಕೈಗೆ ಬಂತು. ನನ್ನದೇನೂ ತಪ್ಪಿಲ್ಲವಂತೆ. ಯಾವ ವಿಚಾರಣೆ ಎಂದು ಹುಬ್ಬು ಗಂಟಿಕ್ಕಬೇಡ, ಹೇಳುತ್ತೇನೆ. ಎರಡು ತಿಂಗಳಿಂದ "ಕೆಲಸ ಜಾಸ್ತಿ" ಎಂದು ನಿನ್ನ ಕಿವಿಗೆ ಹೂವಿಟ್ಟಿದ್ದಕ್ಕೆ ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈ.

ಜನವರಿಯ ಒಂದು ಮಧ್ಯಾಹ್ನ ತುರ್ತು ವಿಭಾಗದಲ್ಲಿ ನಾನು ಮತ್ತು ನಮ್ಮ ಹಿರೀ ಸಿಸ್ಟರ್ ಇಬ್ಬರೇ ಇದ್ದೆವು. ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವನೊಬ್ಬನನ್ನು ಅವನ ಅಣ್ಣ ಎತ್ತಿಕೊಂಡು ಬಂದ. ಸ್ಕೂಟರಿನಿಂದ ಬಿದ್ದು ಪಕ್ಕೆಲುಬು ಮುರಿದಿತ್ತು. ಶ್ವಾಸಕೋಶದ ಹೊರಗೆ ಗಾಳಿ ತುಂಬಿಕೊಂಡು ಉಸಿರೇ ಆಡುತ್ತಿರಲಿಲ್ಲ, ತುಟಿ ನೀಲಿಯಾಗಿತ್ತು. ಎದೆಗೆ ಸೂಜಿ ಚುಚ್ಚಿ ಆ ಗಾಳಿಯನ್ನು ಹೊರಬಿಡಬೇಕು, ಅದೂ ತಕ್ಷಣ. ನಮ್ಮಲ್ಲಿ ಅದಕ್ಕೆ ಹಿರಿಯ ಡಾಕ್ಟರು ಪಕ್ಕದಲ್ಲಿರಬೇಕೆಂಬ ನಿಯಮ. ಆ ಪಾಳಿಯ ನಮ್ಮ ಹಿರಿಯರೋ ಈಜುಕೊಳದಲ್ಲಿದ್ದರಂತೆ, ಅವರ ಫೋನು ಪ್ಯಾಂಟಿನ ಜೇಬಿನಲ್ಲಿ! ಎರಡು ಸಲ ಫೋನ್ ಮಾಡಿದೆ. ಆಮೇಲೆ ಚುಚ್ಚಿಯೇ ಬಿಟ್ಟೆ. ಸೈಕಲ್ ಟ್ಯೂಬಿನಂತೆ ಬುಸ್ಸೆಂದಿತು. ಸ್ವಲ್ಪ ಹೊತ್ತಿಗೆ ಅವನು ಕಣ್ಣು ಬಿಟ್ಟು, ನನ್ನ ಟ್ರಂಪೆಟ್ ಎಲ್ಲಿ ಎಂದು ಕೇಳಿದ. ನನಗೆ ಭಯವೇ? ಛೆ, ಒಂದಿಷ್ಟೂ ಇಲ್ಲ.

ವಾರ ಕಳೆಯುವುದರೊಳಗೆ ಅವನ ಅಣ್ಣ ದೂರು ಕೊಟ್ಟ. "ದೊಡ್ಡ ಡಾಕ್ಟ್ರೇ ಇರ್ಲಿಲ್ಲ, ಯಾವ್ದೋ ಹುಡುಗಿ ನನ್ ತಮ್ಮನ ಎದೆಗೆ ಚುಚ್ಚಿದ್ಳು" ಅಂತ. ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು ಹೇಳು! ಹಿರಿಯರು ಮಾತ್ರ, ಅವಳು ನನ್ನನ್ನು ಕೇಳಿಯೇ ಇಲ್ಲ, ಜವಾಬ್ದಾರಿ ಅವಳದ್ದೇ ಎಂದು ಕೈ ತೊಳೆದುಕೊಂಡರು. ತಪ್ಪು ನನ್ನದೆಂದು ತೀರ್ಮಾನವಾದರೆ ವೈದ್ಯ ನೋಂದಣಿ ರದ್ದಾಗುತ್ತಿತ್ತು, ಕೋರ್ಟಿಗೂ ಅಲೆಯಬೇಕಿತ್ತು. ಊಟ ಸೇರುತ್ತಿರಲಿಲ್ಲ ಅಮ್ಮಾ.

ನಮ್ಮಲ್ಲೊಂದು ರೂಢಿ ಇದೆ. ಕಿರಿಯರು ಏನೇ ಮಾಡಲಿ, ಕೇಸ್ ಶೀಟಿನ ಕೊನೆಗೆ "ಹಿರಿಯ ವೈದ್ಯರಿಗೆ ತಿಳಿಸಿ, ಅವರ ಸೂಚನೆಯಂತೆ ಮಾಡಲಾಗಿದೆ" ಎಂದು ಬರೆಯುತ್ತಾರೆ. ಹಿರಿಯರು ಊರಲ್ಲೇ ಇಲ್ಲದಿದ್ದರೂ ಆ ಸಾಲು ಇರುತ್ತದೆ. ಕೈಗೆ ಎಷ್ಟು ರೂಢಿಯಾಗಿದೆಯೆಂದರೆ ತಲೆಯನ್ನು ಕೇಳದೆಯೇ ಬರೆದುಬಿಡುತ್ತದೆ. ನಾನು ಬರೆದದ್ದು ಬೇರೆ: "೨.೧೦ಕ್ಕೆ ಫೋನ್ ಮಾಡಿದೆ, ಎತ್ತಲಿಲ್ಲ. ೨.೧೨ಕ್ಕೆ ಮತ್ತೆ ಮಾಡಿದೆ, ಎತ್ತಲಿಲ್ಲ. ರೋಗಿ ಕಾಯುವ ಸ್ಥಿತಿಯಲ್ಲಿಲ್ಲ. ೨.೧೪ಕ್ಕೆ ನನ್ನದೇ ನಿರ್ಧಾರದಿಂದ ಸೂಜಿ ಹಾಕಿದೆ."

ಸಮಿತಿಯ ಅಧ್ಯಕ್ಷೆ ಒಬ್ಬ ವಯಸ್ಸಾದ ವಕೀಲೆ. ಕನ್ನಡಕ ಮೂಗಿನ ತುದಿಗಿಳಿಸಿ, ಹಿರಿಯರ ಫೋನು ತೆಗೆದುಕೊಂಡು ಅವತ್ತಿನ ಕರೆಗಳನ್ನು ನೋಡಿದರು. ೨.೧೦, ೨.೧೨. ಅವರು ಎತ್ತದ ಎರಡೂ ಕರೆ ಅಲ್ಲೇ ಇದ್ದವು! ಹಿರಿಯರ ಮುಖ ನೋಡಬೇಕಿತ್ತು ನೀನು. ಜೀವ ಹೋಗುವ ಹೊತ್ತಿನಲ್ಲಿ ಕಲಿಸಿದ್ದನ್ನು ಸರಿಯಾಗಿ ಮಾಡಿದವಳ ಮೇಲೆ ತಪ್ಪು ಹೊರಿಸುವಂತಿಲ್ಲ, ಅವಳನ್ನು ಒಂಟಿಯಾಗಿ ಬಿಟ್ಟವರೇ ಉತ್ತರ ಹೇಳಬೇಕು ಎಂದು ತೀರ್ಪಿನಲ್ಲಿದೆ. ಈಗ ಪ್ರತಿ ಪಾಳಿಯಲ್ಲೂ ಒಬ್ಬ ಹಿರಿಯರು ನಮ್ಮ ವಿಭಾಗದಲ್ಲೇ ಕೂರುತ್ತಾರೆ.

ನಿನ್ನೆ ಸಂಜೆ ಟ್ರಂಪೆಟ್ಟಿನವನು ಬಂದಿದ್ದ. ದೂರು ಕೊಟ್ಟ ಅಣ್ಣ ಹಿಂದೆ ತಲೆ ತಗ್ಗಿಸಿ ನಿಂತಿದ್ದ. ಇವನು ಕಾರಿಡಾರಿನಲ್ಲೇ ಕೆನ್ನೆ ಉಬ್ಬಿಸಿ ಊದಿದ ನೋಡು, ಇಡೀ ವಾರ್ಡು ಎದ್ದು ಕೂತಿತು! ಸಿಸ್ಟರ್ "ಇದು ಆಸ್ಪತ್ರೆ ಕಣಯ್ಯಾ" ಎಂದು ಗದರುತ್ತಲೇ ತಾಳ ಹಾಕುತ್ತಿದ್ದರು. ನಾನು ಕುಣಿಯುವುದೊಂದು ಬಾಕಿ. ಅಷ್ಟು ಖುಷಿಯಾಯಿತು ಅಮ್ಮಾ.

ನಿನ್ನ ಬೈಗುಳಕ್ಕೆ ಕಾದಿರುವ,
ಚೂಟಿ

ತಾ.ಕ.: ಭಯವಾಗಲಿಲ್ಲ ಎಂದದ್ದು ಸುಳ್ಳು. ಅವತ್ತು ಮೊದಲು ನಾನೂ ಆ ರೂಢಿಯ ಸಾಲನ್ನೇ ಬರೆದಿದ್ದೆ. ಬರೆದ ಮೇಲೆ ಅದನ್ನು ನೋಡಲಾಗದೆ, ಅಡ್ಡಕ್ಕೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿ, ಕೆಳಗೆ ನಿಜ ಬರೆದೆ. ಅಧ್ಯಕ್ಷೆ ಆ ಗೆರೆಯ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದರು. "ಹೆದರ್ಕೊಂಡು ಬರ್ದೆ ಮೇಡಂ, ಆಮೇಲೆ ಮನಸ್ಸು ಒಪ್ಲಿಲ್ಲ" ಎಂದೆ. ಅವರು ಹಿರಿಯರ ಫೋನನ್ನು ನನ್ನ ಕಡೆ ತಿರುಗಿಸಿ, "ಈ ಗೆರೆ ಒಂದು ಎಳೀದೆ ಇದ್ದಿದ್ರೆ, ಇದೇ ಫೋನು ಇವತ್ತು ನಿನ್ನ ಮುಳುಗಿಸ್ತಿತ್ತು ಕಣಮ್ಮಾ" ಎಂದರು.