ಮನೆಯೊಳಗಿನ ಇಂಗ್ಲಿಷ್ ಕ್ಲಾಸು

ಗೌನಿಪಲ್ಲಿ
೧೨–೬–೧೯೩೮

ಪೂಜ್ಯರಾದ ನಮ್ಮ ಮನೆಯವರಿಗೆ ಶಾಮಲಳ ನಮಸ್ಕಾರ.

ಮೈಸೂರಿನ ನೀರು ನಿಮಗೆ ಒಗ್ಗಿತೇ? ಎದೆ ಉರಿ ಹೇಗಿದೆ? ರಾತ್ರಿ ಹೊತ್ತು ಹುಳಿ ತಿನ್ನಬೇಡಿ. ಎಷ್ಟು ಸಿಟ್ಟಿದ್ದರೂ ಇಷ್ಟು ಕೇಳದೆ ಇರೋಕಾಗಲ್ಲ, ಕೇಳಿದ್ದೀನಿ. ಇಲ್ಲಿ ಅಮ್ಮ ಹೋದಾಗಿನಿಂದ ನಿಮ್ಮ ಮಾವ, ನಮ್ಮ ನಾಯ್ನ, ಮಾವಿನ ತೋಪಿನ ಕಡೆ ತಲೆ ಹಾಕಿಲ್ಲ. ಜಗಲಿ ಮೇಲೆ ಸುಮ್ಮನೆ ಕೂತಿರ್ತಾರೆ. ನಾನು ಅಡುಗೆ ಮಾಡಿ ಹಾಕ್ತಾ ಇದ್ದೀನಿ.

ನೀವು ನಾಯ್ನನಿಗೆ ಬರೆದ ಕಾಗದ ಸೇರಿತು. ಅಳಿಯನ ಕಾಗದ ಅಂತ ಎರಡೆರಡು ಸಲ ಓದಿಸಿಕೊಂಡರು. ಅವರಿಗೆ ಬರೆದದ್ದು ಚೊಕ್ಕ ಕನ್ನಡ. ಕೊನೆಗೆ ನನಗೆ ಅಂತ ನಾಲ್ಕು ಸಾಲು, ಅದು ಇಂಗ್ಲಿಷು! ಈ ಊರಲ್ಲಿ ಅದನ್ನ ಓದೋರು ಪೋಸ್ಟ್ ಮಾಸ್ಟರು ಒಬ್ಬರೇ. ಅವರು ಗಟ್ಟಿಯಾಗಿ ಓದಿದರು, ಕೇಳ್ತಾನೇ ನನಗೆ ತಿಳೀತು. ಟ್ರೈನಿಂಗಿಗೆ ಬಂದಿರೋ ಮೇಷ್ಟ್ರುಗಳ ಮುಂದೆ ನಾನು ನಿಲ್ಲಬೇಕು, ನೀವು ಇಂಗ್ಲಿಷಲ್ಲಿ ಏನು ಹೇಳಿದರೂ ಹಾಗೇ ಮಾಡಿ ತೋರಿಸಬೇಕು, ಅದಕ್ಕೆ ಅಣ್ಣನ ಜೊತೆ ಹೊರಟು ಬರಬೇಕು ಅಂತ. ನಾನು ಬರಲ್ಲ. ಮೈಸೂರಿಗೂ ಬರಲ್ಲ, ನೀವು ಹೀಗೇ ಇರೋದಾದರೆ ಶ್ರೀನಿವಾಸಪುರದ ಮನೆಗೂ ಬರಲ್ಲ.

ನಿಮ್ಮ ಪಾಠದ ಮೇಲೆ ನನಗೆ ಮೊದಲು ಯಾವ ಹಗೆಯೂ ಇರಲಿಲ್ಲ. ಅಲ್ಲಿ ಸ್ಕೂಲಿನ ಗೋಡೆಗೇ ಅಂಟಿಕೊಂಡು ನಮ್ಮ ಹಿತ್ತಲು. ಬಟ್ಟೆ ಒಗೀತಾ ಎಲ್ಲ ಕೇಳಿಸಿಕೊಂಡಿದ್ದೀನಿ. ಬೇರೆ ಮೇಷ್ಟ್ರ ಹತ್ತಿರ ಗ್ರಾಮರು ಉರು ಹೊಡೆದು ಏಟು ತಿನ್ನುತ್ತಿದ್ದ ಮಕ್ಕಳು ನಿಮ್ಮ ಕ್ಲಾಸಲ್ಲಿ ನಗುತ್ತಿದ್ದವು. ನೀವು ಚೆಂಬು ಎತ್ತಿ ತೋರಿಸೋದೇನು, ಕುಂಟೋದೇನು, ಮಲಗಿದ ಹಾಗೆ ಗೊರಕೆ ಹೊಡೆಯೋದೇನು. ಮಕ್ಕಳನ್ನ ಮಾತಾಡಿ ಅಂತ ಪೀಡಿಸಬಾರದು, ಅವಕ್ಕೆ ಅರ್ಥ ಆಗೋ ಹಾಗೆ ನಾವು ಮಾತಾಡ್ತಾ ಇದ್ದರೆ ಸಾಕು, ಮಾತು ತಾನಾಗಿ ಬರುತ್ತೆ ಅಂತಿದ್ದಿರಿ. ಬಂತು, ಇಲ್ಲ ಅನ್ನಲ್ಲ.

ಆದರೆ ಹೋದ ಯುಗಾದಿ ಕಳೆದದ್ದೇ ಆ ಕ್ಲಾಸನ್ನ ಮನೆಗೆ ಯಾಕೆ ತಂದಿರಿ? ಹೊಸದಾಗಿ ಸಂಸಾರಕ್ಕೆ ಬಂದವಳು ನಾನು. ಸಾರಿಗೆ ಉಪ್ಪು ಜಾಸ್ತಿ ಅನ್ನೋದಕ್ಕೂ ಮುಖ ಕಿವುಚಿ ಇಂಗ್ಲಿಷು. ನಾನು ಏನು ಕೇಳಲಿ, ಉತ್ತರ ಇಂಗ್ಲಿಷು. ಪಕ್ಕದ ಮನೆ ರಹಮತುನ್ನೀಸಾ, ಆ ಕಲಾಯಿ ಸಾಬರ ಹೆಂಡತಿ, ಮೇಷ್ಟ್ರು ನನ್ನನ್ನ ದಿನಾ ಬೈತಾರೆ ಅಂತಲೇ ತಿಳಿದು ಗೋಡೆ ಮೇಲಿಂದ ಸಮಾಧಾನ ಹೇಳ್ತಿದ್ದಳು. ಬೈಗುಳ ಅಲ್ಲಮ್ಮಾ, ಪಾಠ ಅಂದೆ. ಅದಕ್ಕಿಂತ ಬೈಗುಳವೇ ವಾಸಿ ಅಂದಳು. ಆ ಮಕ್ಕಳಿಗೆ ಸಂಜೆ ಗಂಟೆ ಹೊಡೆದರೆ ಮನೆ ಇತ್ತು, ಮನೇಲಿ ಅಮ್ಮನ ಮಾತಿತ್ತು. ನನಗೆ ಗಂಟೆ ಹೊಡೆಯೋರು ಯಾರು? ಕಟ್ಟಿಕೊಂಡ ಗಂಡನ ಮಾತು ಕೇಳಬೇಕು ಅಂದರೆ, ನೀವು ಹಾಲಿನವನ ಹತ್ತಿರ ಆಡೋದನ್ನ ಬಾಗಿಲ ಹಿಂದೆ ನಿಂತು ಕೇಳ್ತಿದ್ದೆ.

ಅದನ್ನೂ ಸಹಿಸಿಕೊಂಡೆ. ಅಮ್ಮ ಹೋದ ದಿನದ್ದನ್ನ ಸಹಿಸಲಾರೆ. ಅಣ್ಣ ಗಾಡಿ ಕಟ್ಟಿಕೊಂಡು ಬಂದು ಸ್ಕೂಲಲ್ಲಿ ನಿಮಗೆ ತಿಳಿಸಿ, ತಂಗಿಗೆ ನಾನು ಹೇಳಲಾರೆ, ನೀವೇ ಹೇಳಿ ಅಂದನಂತೆ. ನೀವು ಬಂದು ನನ್ನನ್ನ ಕೂರಿಸಿದಿರಿ. ‘ಯುವರ್ ಮದರ್’ ಅಂದಿರಿ. ಕೆನ್ನೆಗೆ ಕೈ ಕೊಟ್ಟು ಕಣ್ಣು ಮುಚ್ಚಿದಿರಿ, ಕ್ಲಾಸಲ್ಲಿ ಮಾಡೋ ಹಾಗೇ. ಆಮೇಲೆ ನಿಧಾನವಾಗಿ, ಬಿಡಿಸಿ ಬಿಡಿಸಿ, ‘ಶಿ ವಿಲ್ ನಾಟ್ ವೇಕ್ ಅಪ್’ ಅಂದಿರಿ. ನನಗೆ ಅರ್ಥ ಆಯ್ತು. ಅರ್ಥ ಆಯ್ತು ಅಂತ ನಿಮಗೆ ಗೊತ್ತಾದಾಗ ನಿಮ್ಮ ಮುಖ ಒಂದು ಗಳಿಗೆ ಅರಳಿತು. ನಾನು ಕಂಡೆ. ಪಾಠ ಗೆದ್ದ ಸಂತೋಷ ಅದು. ಒಂದು ದಿನ ಆ ಪಾಠ ಬಿಟ್ಟಿದ್ದರೆ ಏನು ಮುಳುಗಿ ಹೋಗ್ತಿತ್ತು? ಇಲ್ಲಿಗೆ ಬಂದ ಮೇಲೂ ನೆಂಟರ ಹತ್ತಿರ ಕನ್ನಡ, ನಾಯ್ನನ ಹತ್ತಿರ ತೆಲುಗು, ನನ್ನ ಹತ್ತಿರ ಇಂಗ್ಲಿಷು. ಕರ್ಮ ಮುಗಿಸಿ ಮೈಸೂರಿಗೆ ಹೊರಟಾಗಲೂ ‘ಗುಡ್ ಬೈ’ ಅಂದಿರಿ.

ಗಂಡನಿಗೆ ಹೀಗೆಲ್ಲ ಬರೀಬಾರದು ಕಣೇ ಅಂತ ಅಣ್ಣ ಹೇಳ್ತಾನೆ. ಬರೀತೀನಿ. ನಿಮ್ಮ ಮೇಷ್ಟ್ರುಗಳಿಗೆ ನನ್ನನ್ನ ತೋರಿಸೋ ಬದಲು ಈ ಕಾಗದ ಓದಿ ಹೇಳಿ. ನೀವು ಇಳಿದುಕೊಂಡಿರೋ ಮನೆಯ ದೊಡ್ಡವರಿಗೆ ನನ್ನ ನಮಸ್ಕಾರ. ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ, ಸದ್ಯಕ್ಕೆ ದೂರದಲ್ಲೇ ಇಟ್ಟಿರಲಿ.

ಪಾದಸೇವಕಿ ಅಂತ ಬರೆಯೋಕೆ ಕೈ ಬಾರದ,
ಶಾಮಲಮ್ಮ

ತಾ.ಕ.: ಟಪಾಲಿನವನು ಹೊರಟು ನಿಂತಿದ್ದಾನೆ. ಒಂದು ಮಾತು ಬರೀಲೇ ಇಲ್ಲ. ನಾನು ಇನ್ನೂ ಅತ್ತಿಲ್ಲ. ಹೆಣದ ಮುಂದೆಯೂ ಅಳಲಿಲ್ಲ, ಊರವರು ಇವಳ ಮನಸ್ಸು ಕಲ್ಲು ಅಂತಾರೆ. ಅಮ್ಮ ಹೋದ ಸುದ್ದೀನ ನನಗೆ ಇನ್ನೂ ಯಾರೂ ಹೇಳೇ ಇಲ್ಲ ಅನ್ನಿಸುತ್ತೆ. ನೀವು ಬನ್ನಿ. ಬಾಗಿಲಲ್ಲೇ ನಿಂತು, ‘ಶಾಮಲಾ, ನಿಮ್ಮಮ್ಮ ಹೋಗಿಬಿಟ್ಟರು ಕಣೇ’ ಅಂತ ಹೇಳಿ. ಕನ್ನಡವೋ ತೆಲುಗೋ, ಯಾವುದಾದರೂ ಸರಿ. ನಾನು ಅತ್ತು ಮುಗಿಸಿದ ಮೇಲೆ ಒಳಗೆ ಕರೀತೀನಿ.