ಪಟ್ಟಿಯಲ್ಲಿ ಅಮ್ಮನ ಹೆಸರು

ಅಮ್ಮನಿಗೆ ನಮಸ್ಕಾರ.

ಆಕರಗಳನ್ನು ಬರೆಯುವ ನಿಯಮ ಕಲಿತು ಕಲಿತು ತಲೆ ಚಿಟ್ಟು ಹಿಡಿದಿದೆ. ನೀನು ದುಡಿದ ಹೊಲಿಗೆ ಕಾರ್ಖಾನೆಯ ಬಗೆಗಿನ ನನ್ನ ಪ್ರಬಂಧ ಪತ್ರಿಕೆಯಿಂದ ಮೂರನೇ ಸಲ ವಾಪಸು ಬಂತು. ಅಲ್ಪವಿರಾಮಗಳೆಲ್ಲ ಸರಿಹೋಗಿವೆ, ಈಗ ತಕರಾರು ನಾನು ಧ್ವನಿಮುದ್ರಿಸಿಕೊಂಡ ನಿನ್ನ ಮಾತಿನದು.

"ಬಾಯಿಮಾತನ್ನ ಆಕರಪಟ್ಟಿಗೆ ಸೇರಿಸೋಕಾಗಲ್ಲಮ್ಮ," ಎಂದರು ಸಂಪಾದಕರು.

"ಇಪ್ಪತ್ತು ವರ್ಷ ಮಿಷನ್ ತುಳಿದೋರು ಮತ್ತೆಲ್ಲಿ ಸೇರ್ತಾರೆ ಸರ್?" ಎಂದೆ.

ಆ ಧ್ವನಿಮುದ್ರಣವನ್ನು ಗ್ರಂಥಾಲಯಕ್ಕೆ ಕೊಟ್ಟರೆ ಸೇರಿಸಬಹುದು ಎಂದರು.

ಜೊತೆಗಿರುವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕಳಿಸು. ಪಟ್ಟಿಯಲ್ಲಿ ಮನೆತನದ ಹೆಸರು ಮೊದಲು ಬರಬೇಕಂತೆ. ಅಪ್ಪನದು ಹಾಕಲೇ, ನಿನ್ನ ತವರಿನದೇ? ಅಪ್ಪ ಬಿಟ್ಟುಹೋದ ಮೇಲೆ ಇದನ್ನು ನಿನ್ನ ಹತ್ತಿರ ಯಾರೂ ಕೇಳಿಲ್ಲ. ಎರಡೂ ಬೇಡವೆಂದರೆ ಬರೀ ನಿನ್ನ ಹೆಸರು ಹಾಕುವುದಕ್ಕೂ ನಿಯಮವಿದೆ, ಹುಡುಕಿಟ್ಟಿದ್ದೇನೆ.

ನಿನ್ನ ಮಗಳು