ನನ್ನ ಮೊಣಕಾಲು ಎಲ್ಲಿ ಹೋಯಿತು?

ತೈಪಿಂಗ್
ಮಂಗಳವಾರ

ಮಗಳು ಸುರಾಯಾಳಿಗೆ,

ಮನಸ್ಸು ನೆಟ್ಟಗಿದ್ದಿದ್ದರೆ ಮೊದಲು ಆಶೀರ್ವಾದ ಬರೆಯುತ್ತಿದ್ದೆ. ಇವತ್ತು ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಫೋನಿನಲ್ಲಿ ಮಾತಾಡಿದರೆ ಬಾಯಿಗೆ ಬಂದದ್ದೆಲ್ಲ ಬಂದೀತು, ಅದಕ್ಕೇ ಈ ಕಾಗದ. ನೀನು ಫೋನ್ ಮಾಡಿದರೂ ನಾನು ಎತ್ತುವುದಿಲ್ಲ.

ನಿನ್ನೆ ಹಲ್ಲು ತೋರಿಸಲು ಈಪೋಗೆ ಬಂದಿದ್ದೆ. ವಾಪಸ್ ಬಸ್ಸಿಗೆ ಇನ್ನೂ ಹೊತ್ತಿತ್ತು. ನಿನ್ನ ಮುಖ ನೋಡಿ ಹೋಗೋಣವೆಂದು ನಮ್ಮ ಕಚೇರಿಗೆ ಬಂದೆ. ಹೌದು, ನಮ್ಮದು. ನೀನು ಅಲ್ಲಿ ಅಧಿಕಾರಿಯಾಗುವ ಮೊದಲು ನಾನು ಅಲ್ಲಿ ಟೈಪಿಸ್ಟ್ ಆಗಿದ್ದೆ. ನೀನು ಮೀಟಿಂಗಿನಲ್ಲಿದ್ದೆ. ಅರವತ್ತನೇ ವರ್ಷದ ಸಮಾರಂಭಕ್ಕೆ ಹಜಾರದ ಗೋಡೆ ತುಂಬ ಹಳೆಯ ಫೋಟೋಗಳನ್ನು ಹಾಕಿದ್ದರು. ಒಂದೊಂದೇ ನೋಡುತ್ತ ಬಂದವಳು ಒಂದರ ಮುಂದೆ ನಿಂತುಬಿಟ್ಟೆ.

ಕಚೇರಿಯ ಮೆಟ್ಟಿಲ ಮೇಲೆ ನಾನು ಮತ್ತು ನನ್ನ ಜೊತೆ ಟೈಪಿಸ್ಟ್ ಆಗಿದ್ದ ಸ್ವೀ ಲಾನ್ ನಿಂತ ಚಿತ್ರ. ಆಗ ನನಗೆ ಇಪ್ಪತ್ತೊಂದು. ಮುಖ ನನ್ನದೇ, ನಗುವೂ ನನ್ನದೇ. ಕೆಳಗೆ ನೋಡಿದರೆ ಮೊಣಕಾಲೇ ಇಲ್ಲ! ನಾನು ತೊಟ್ಟಿದ್ದ ಗಿಡ್ಡ ಸ್ಕರ್ಟಿನ ಜಾಗದಲ್ಲಿ ಪಾದದವರೆಗೆ ಇಳಿಯುವ ಬಾಜು ಕುರುಂಗ್ ಬರೆದಿದ್ದಾರೆ. ಆ ಕಾಲದ ಷೋಕಿಯಂತೆ ಎತ್ತರಕ್ಕೆ ಏರಿಸಿದ್ದ ನನ್ನ ಕೂದಲ ಮೇಲೇ ತಲೆವಸ್ತ್ರವನ್ನೂ ಬರೆದಿದ್ದಾರೆ, ಮಡಕೆ ಕವುಚಿದ ಹಾಗೆ ಕಾಣುತ್ತದೆ. ಪಕ್ಕದಲ್ಲಿ ಸ್ವೀ ಲಾನ್‌ಳ ಮೊಣಕಾಲು ಮಾತ್ರ ಗುಂಡಗೆ ಹಾಗೇ ಇದೆ. ಅವಳು ಚೀನೀಯಳು, ನಮ್ಮ ಹಾಗೆ ಮಲಯ್ ಮುಸ್ಲಿಮಳಲ್ಲ, ಅವಳ ಕಾಲು ಯಾರಿಗೂ ತೊಂದರೆ ಕೊಡಲಿಲ್ಲ ಅಂತ ಕಾಣುತ್ತದೆ.

ಕಾವಲಿನವನಿಗೆ ನಾನು ಯಾರೆಂದು ಗೊತ್ತಿಲ್ಲ, ಯಾರೋ ದಾರಿಹೋಕ ಚಿಕ್ಕಮ್ಮ ಅಂದುಕೊಂಡ. "ಚೆನ್ನಾಗಿ ಬಂದಿದೆ ಅಲ್ವಾ ಮಾಕ್ ಚಿಕ್? ಸುರಾಯಾ ಮೇಡಂ ನಿಂತು ಮಾಡಿಸಿದ್ದು. ಮೊದಲು ಆ ಹುಡುಗಿ ಹೆಂಗಿದ್ಲು ಗೊತ್ತಾ, ನೋಡೋಕೇ ನಾಚಿಕೆ ಆಗ್ತಿತ್ತು" ಅಂದ. ಆ ನಾಚಿಕೆಗೆಟ್ಟ ಹುಡುಗಿ ಅವನೆದುರಿಗೇ ಕೊಡೆ ಹಿಡಿದು ನಿಂತಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳಲಿ? ನಿನ್ನನ್ನು ನೋಡದೆಯೇ ಹೊರಟು ಬಂದೆ.

ನಿನ್ನ ಅಜ್ಜಿ ಮೈ ಕಾಣುವಷ್ಟು ತೆಳುವಾದ ಕೆಬಾಯ ತೊಟ್ಟು ಸಂತೆಯಲ್ಲಿ ಕೂತು ಮೀನು ಮಾರಿದವಳು. ಅವಳಿಗೂ ನನ್ನ ಸ್ಕರ್ಟ್ ನೋಡಿ ಗಾಬರಿಯಾಗಿತ್ತು. "ಉಳಿದ ಬಟ್ಟೆ ದರ್ಜಿ ತಿಂದ್ನೇನೇ?" ಅಂದಿದ್ದಳು. ಬೈದಳು, ನಕ್ಕಳು, ಬುತ್ತಿ ಕಟ್ಟಿ ಕಳಿಸಿದಳು. ನನ್ನ ಕಾಲನ್ನೇ ಅಳಿಸಿ ಹಾಕಲಿಲ್ಲ.

ತಪ್ಪು ತಿಳಿಯಬೇಡ. ಈ ತಲೆವಸ್ತ್ರ ನನಗೆ ಪ್ರಾಣ. ನೀನು ಹುಟ್ಟಿದ ಮೇಲೆ ನಾನೇ ಬಯಸಿ ಕಟ್ಟಿಕೊಂಡದ್ದು, ಸಾಯುವವರೆಗೂ ಬಿಡುವುದಿಲ್ಲ. ಆದರೆ ಇಪ್ಪತ್ತೊಂದರಲ್ಲಿ ಕಟ್ಟಿರಲಿಲ್ಲ. ಕಟ್ಟದೇ ಇದ್ದದ್ದನ್ನು ಕಟ್ಟಿದ್ದೆ ಅಂತ ನನ್ನ ಮುಖದಿಂದಲೇ ಸುಳ್ಳು ಹೇಳಿಸುತ್ತೀಯಾ? ನನ್ನನ್ನು ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವೇ?

ಬರುವ ಸೋಮವಾರ ನನ್ನನ್ನು ವೇದಿಕೆಗೆ ಕರೆದು ಸನ್ಮಾನ ಮಾಡುತ್ತೀರಂತೆ. ಆ ಗೋಡೆಯ ಮೇಲಿರುವ ಹೆಂಗಸಿಗೇ ಮಾಡಿಕೊಳ್ಳಿ, ಅವಳು ಯಾರೋ ನನಗೆ ಗೊತ್ತಿಲ್ಲ. ನನ್ನ ಚಿತ್ರ ಇದ್ದ ಹಾಗೆ ವಾಪಸ್ ಬಂದರೆ ನಾನೂ ಬರುತ್ತೇನೆ. ಇಲ್ಲದಿದ್ದರೆ ಕುರ್ಚಿ ಖಾಲಿ ಇರಲಿ.

ಈಗ ಆಶೀರ್ವಾದ. ಕೋಪದಲ್ಲಿ ಬರೆದರೂ ಅದು ಫಲಿಸುತ್ತದೆ.

ನಿನ್ನ ತಾಯಿ,
ಸಲ್ಮಿಯಾ

ಈಪೋ
ಶುಕ್ರವಾರ

ಅಮ್ಮಾ,

ಫೋನ್ ಎತ್ತುತ್ತಿಲ್ಲವಲ್ಲ, ಅದಕ್ಕೆ ನಾನೂ ಬರೆಯುತ್ತಿದ್ದೇನೆ. ನಿನ್ನ ಕಾಗದವನ್ನು ಕಚೇರಿಯಲ್ಲೇ ಓದಿದೆ. ಓದಿ ಮುಗಿಸಿ, ಬಾಗಿಲು ಹಾಕಿಕೊಂಡು ಅತ್ತೆ.

ಆ ಚಿತ್ರ ಉಗ್ರಾಣದಿಂದ ನನ್ನ ಮೇಜಿಗೆ ಬಂದ ದಿನ ನಾನು ಬೆಚ್ಚಿಬಿದ್ದಿದ್ದೆ. ಅದು ನೀನೆಂದು ನಂಬಲಿಲ್ಲ. ಚಿತ್ರದ ಬೆನ್ನಿಗೆ ಬರೆದಿದ್ದ ಹೆಸರನ್ನು ಮತ್ತೆ ಮತ್ತೆ ಓದಿದೆ. ಮಂತ್ರಿಗಳು ಬರುತ್ತಾರೆ, ನಿನ್ನನ್ನು ನೋಡಿ ಯಾರಾದರೂ ನಕ್ಕಾರು ಎಂದು ಹೆದರಿ ಮುಚ್ಚಿಸಿದೆ. ಬೇರೆಯವರ ಚಿತ್ರ ಮುಟ್ಟಿಲ್ಲ. ನಿನ್ನನ್ನು ಕೇಳಿದರೆ ಬೇಡ ಅನ್ನುತ್ತೀಯೆಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ನಿನ್ನೆ ಅದನ್ನು ಇಳಿಸಿ, ನಿಜವಾದ ಚಿತ್ರ ಹಾಕಿಸಿದ್ದೇನೆ. ನಿರ್ದೇಶಕರು ಓಡಿ ಬಂದರು. "ಏನ್ರೀ ಇದು, ಯಾರ್ರೀ ಈಯಮ್ಮ? ತೆಗೆಸ್ರೀ ಮೊದಲು!" ಅಂದರು. "ನಮ್ಮಮ್ಮ ಸರ್. ತೆಗೆದ್ರೆ ಸೋಮವಾರ ನಾನೂ ಇರಲ್ಲ" ಅಂದೆ. ಅವರು ಚಿತ್ರವನ್ನು ಇನ್ನೊಮ್ಮೆ ನೋಡಿ ತಮ್ಮ ಕೋಣೆಗೆ ಹೋದರು. ಮುಂದೆ ಏನು ಮಾಡುತ್ತಾರೋ ಗೊತ್ತಿಲ್ಲ. ಸದ್ಯಕ್ಕೆ ನಿನ್ನ ಮೊಣಕಾಲು ಗೋಡೆಯ ಮೇಲಿದೆ. ನೀನು ಬರಲೇಬೇಕು.

ನಿನ್ನ ಮಗಳು,
ಸುರಾಯಾ

ತಾ.ಕ.: ನನ್ನ ಮೊದಲ ಕೆಲಸದ ಮೊದಲ ದಿನಕ್ಕೆಂದು ನಾನೊಂದು ನೀಲಿ ಸ್ಕರ್ಟ್ ತಂದಿದ್ದೆ. ಮೊಣಕಾಲಿನ ಕೆಳಗೇ ಬರುತ್ತಿತ್ತು. ನೀನು ಅದನ್ನು ಕತ್ತರಿಯಿಂದ ಸೀಳಿ ನೆಲ ಒರೆಸುವುದಕ್ಕೆ ಹಾಕಿದೆ. "ನಮ್ಮ ಮನೆ ಹೆಂಗಸ್ರು ಯಾವತ್ತೂ ಇಂಥದ್ದು ಹಾಕ್ಕೊಂಡು ಕೆಲಸಕ್ಕೆ ಹೋದವರಲ್ಲ" ಅಂದೆ. ಇಷ್ಟು ವರ್ಷ ನಾನು ಅದನ್ನೇ ನಂಬಿದ್ದೆ. ಚಿತ್ರ ತಿದ್ದಿಸುವಾಗಲೂ ನಾನು ಹೊಸ ಸುಳ್ಳೇನೂ ಬರೆಸಲಿಲ್ಲ ಅಮ್ಮ. ನೀನು ಅವತ್ತು ಹೇಳಿದ್ದನ್ನೇ ಬರೆಸಿದೆ.